ಫೈಟರ್ ಪೈಲಟ್ ಹುದ್ದೆಗೆ ಅರ್ಜಿಯೇ ಇಲ್ಲ

ನಾನು ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸುವವನು. ಊರಿಗೆ ಹೋದಾಗಲೆಲ್ಲ ಪಿಯುಸಿ ಓದುವ ಹುಡುಗರು ಒಬ್ಬಿಬ್ಬರಾದರೂ ಮನೆಗೆ ಬರುತ್ತಾರೆ. ಕೇಳುವ ಪ್ರಶ್ನೆ ಒಂದೇ: ‘ಅಣ್ಣಾರ, ಫೈಟರ್ ಪೈಲಟ್ ಆಗ್ಬೇಕಂದ್ರ ಯಾವ ಫಾರ್ಮ್ ತುಂಬಬೇಕ್ರಿ?’ ಅಂಥ ಫಾರ್ಮ್ ಇಲ್ಲ ಅಂದರೆ ನಂಬುವುದಿಲ್ಲ, ಏನೋ ಮುಚ್ಚಿಡುತ್ತಿದ್ದಾನೆ ಎನ್ನುವ ಹಾಗೆ ಮುಖ ನೋಡುತ್ತಾರೆ. ನಿಜಕ್ಕೂ ಇಲ್ಲ. ನಾವು ಅರ್ಜಿ ಹಾಕುವುದು ಎನ್‌ಡಿಎ ಪರೀಕ್ಷೆಗೆ, ಅಂದರೆ ಮೂರೂ ಪಡೆಗಳ ಅಧಿಕಾರಿಗಳನ್ನು ತಯಾರುಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಗೆ. ಅದರಲ್ಲಿ ವಾಯುಪಡೆ ಬೇಕೆಂದು ಬರೆಯುತ್ತೇವೆ, ಅಲ್ಲಿ ಫ್ಲೈಯಿಂಗ್ ಬ್ರಾಂಚ್ ಸಿಗಬೇಕು. ಫೈಟರ್ರೋ, ಸಾಗಣೆ ವಿಮಾನವೋ, ಹೆಲಿಕಾಪ್ಟರ್ರೋ ಎನ್ನುವುದು ತೀರ್ಮಾನವಾಗುವುದು ನಾಲ್ಕು ವರ್ಷ ಕಳೆದ ಮೇಲೆ, ಹೈದರಾಬಾದ್ ಪಕ್ಕದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ. ಅಲ್ಲಿ ನಮ್ಮ ಇಷ್ಟವನ್ನು ಕೇಳುತ್ತಾರೆ, ಆದರೆ ಇಷ್ಟ ಒಂದನ್ನೇ ನೋಡಿ ಕೊಡುವುದಿಲ್ಲ.

ಇನ್ನೆರಡು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಅಗ್ನಿವೀರ್ ವಾಯು ಪರೀಕ್ಷೆ ಪಾಸಾದರೆ ವಾಯುಪಡೆಗೆ ಸೇರುತ್ತೀರಿ, ಪೈಲಟ್ ಆಗುವುದಿಲ್ಲ. ವಿಮಾನ ಹಾರಿಸುವವರು ಅಧಿಕಾರಿಗಳು ಮಾತ್ರ. ಇನ್ನು ಲಕ್ಷಗಟ್ಟಲೆ ದುಡ್ಡು ಕಟ್ಟಿ ಕಲಿಯುವ ಫ್ಲೈಯಿಂಗ್ ಸ್ಕೂಲು ಏರ್‌ಲೈನ್ಸ್ ಕೆಲಸಕ್ಕೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮಪ್ಪನೂ ಮೊದಲು ಕೇಳಿದ್ದು ಅದನ್ನೇ: ‘ಪೈಲಟ್ ಆಗಾಕ ಹೊಲಾ ಮಾರಬೇಕಾಗ್ತೈತಂತಲ್ಲೋ?’ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾಗಿದ್ದ ಕಾಕಾ ಪಕ್ಕದಲ್ಲೇ ಕೂತಿದ್ದರು. ‘ಫಾರ್ಮಿಗೆ ನೂರು ರೂಪಾಯಿ ಕೊಡ್ರಿ ಸಾಕು. ಆರಿಸ್ಕೊಂಡ್ರ ಮುಂದಿಂದು ಸರ್ಕಾರ ನೋಡ್ಕೊಂತದ’ ಅಂದರು. ಶುಲ್ಕ ಅಷ್ಟೇ ಇತ್ತು. ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಅದೂ ಇಲ್ಲ, ಈಗ ಹೆಣ್ಣುಮಕ್ಕಳಿಗೂ ಇಲ್ಲ.

ನಾನು ಹತ್ತನೆಯ ತರಗತಿವರೆಗೆ ಓದಿದ್ದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಪಿಯು ವಿಜ್ಞಾನಕ್ಕೆ ಬಾಗಲಕೋಟೆಗೆ ಬಂದೆ. ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ದ್ವಿತೀಯ ಪಿಯು ಓದುತ್ತಿರುವಾಗಲೇ ಬರೆಯಬಹುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗಿರಬೇಕು. ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು ಎನ್ನುವುದು ಈಗಿನ ನಿಯಮ. ಗಣಿತಕ್ಕೆ 300 ಅಂಕ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಸೇರಿ 600. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿ ಇಲ್ಲ. ನಮ್ಮಂಥವರು ಅರ್ಧ ಸೋಲುವುದು ಇಲ್ಲೇ. ಪಿಯು ಗಣಿತ ಸರಿಯಾಗಿ ಓದಿದ್ದವನಿಗೆ ಗಣಿತದ ಪತ್ರಿಕೆ ಕಷ್ಟವಲ್ಲ, ಸಮಯ ಸಾಲುವುದಿಲ್ಲ ಅಷ್ಟೇ. ನಾನು 2014ರ ಏಪ್ರಿಲ್‌ನಲ್ಲಿ ಧಾರವಾಡ ಕೇಂದ್ರದಲ್ಲಿ ಬರೆದೆ, ಪಾಸಾದೆ. ಪರೀಕ್ಷೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಎಲ್ಲರೂ ತಯಾರಿ ನಡೆಸುವುದು ಇದೊಂದಕ್ಕೇ, ಉಳಿದದ್ದಕ್ಕೆ ತಯಾರಿಯೇ ಇಲ್ಲದೆ ಹೋಗಿ ನಿಲ್ಲುತ್ತಾರೆ.

ಎಸ್‌ಎಸ್‌ಬಿ ಎಂದು ಕರೆಯುವ, ಕೆಲವು ದಿನ ನಡೆಯುವ ಸಂದರ್ಶನಕ್ಕೆ ಕರೆ ಬಂದದ್ದು ಮೈಸೂರಿನ ಸಿದ್ಧಾರ್ಥ ನಗರದಲ್ಲಿರುವ ವಾಯುಪಡೆಯ ಆಯ್ಕೆ ಮಂಡಳಿಯಿಂದ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಹೋದೆ. ಮೊದಲ ಸಲ ಬರುವವರಿಗೆ ರೈಲಿನ ಖರ್ಚು ವಾಪಸ್ ಕೊಡುತ್ತಾರೆ. ಮೊದಲ ದಿನವೇ ಸ್ಕ್ರೀನಿಂಗ್: ಬುದ್ಧಿಮತ್ತೆಯ ಪ್ರಶ್ನೆಗಳು, ಆಮೇಲೆ ಒಂದು ಮಸುಕು ಚಿತ್ರ. ಮೂವತ್ತು ಸೆಕೆಂಡ್ ತೋರಿಸುತ್ತಾರೆ, ನಾಲ್ಕು ನಿಮಿಷದಲ್ಲಿ ಅದರ ಮೇಲೊಂದು ಕಥೆ ಬರೆಯಬೇಕು. ಬಳಿಕ ಗುಂಪಾಗಿ ಕೂರಿಸಿ, ಒಬ್ಬೊಬ್ಬರೂ ತಮ್ಮ ಕಥೆ ಹೇಳಿ, ಎಲ್ಲರೂ ಸೇರಿ ಒಂದೇ ಕಥೆಗೆ ಬನ್ನಿ ಎನ್ನುತ್ತಾರೆ. ಆಗ ಶುರುವಾಗುತ್ತದೆ ಸಂತೆ. ಡೆಹ್ರಾಡೂನ್, ಚಂಡೀಗಢದ ಕೋಚಿಂಗ್ ಮುಗಿಸಿ ಬಂದವರು ಪಟಪಟನೆ ಇಂಗ್ಲಿಷ್ ಮಾತಾಡುತ್ತ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನನ್ನ ಪಾಳಿ ಬಂದಾಗ ನಾನು ಹೇಳಿದ್ದು ಸಣ್ಣ ವಾಕ್ಯಗಳ, ಹಳ್ಳಿಯ ಬಾವಿ ರಿಪೇರಿಯ ಕಥೆ. ಚರ್ಚೆಯಲ್ಲಿ ಎರಡೋ ಮೂರೋ ಸಲ ಬಾಯಿ ಬಿಟ್ಟಿರಬೇಕು. ಅದರಲ್ಲಿ ಒಂದು ಸಲ, ಬಹಳ ಹೊತ್ತಿನಿಂದ ಏನೂ ಹೇಳಲಾಗದೆ ಕೂತಿದ್ದ ತಮಿಳು ಹುಡುಗನ ಕಥೆಯನ್ನು ಎತ್ತಿಕೊಂಡು, ‘ಇವನು ಹೇಳಿದ್ದು ಚಿತ್ರಕ್ಕೆ ಹೆಚ್ಚು ಹತ್ತಿರ ಇದೆ’ ಅಂದೆ. ಮಧ್ಯಾಹ್ನ ಪಾಸಾದವರ ಎದೆ ಸಂಖ್ಯೆ ಕೂಗಿದರು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಂದೇ ಸಂಜೆ ಸ್ಟೇಷನ್ನಿಗೆ ಹೋಗುವ ಬಸ್ಸು ಹತ್ತಿದರು. ಪಟಪಟ ಇಂಗ್ಲಿಷಿನವರು ಅದರಲ್ಲಿ ಎಷ್ಟೋ ಜನ. ತಮಿಳು ಹುಡುಗನೂ ನಾನೂ ಉಳಿದೆವು.

ಉಳಿದ ದಿನಗಳ ಪರೀಕ್ಷೆಗಳ ವಿವರ ಎಲ್ಲ ಕಡೆ ಸಿಗುತ್ತದೆ. ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದ ತೋರಿಸಿ ಪ್ರತಿಯೊಂದಕ್ಕೂ ವಾಕ್ಯ ಬರೆಸುತ್ತಾರೆ, ಅರ್ಧ ಗಂಟೆಯಲ್ಲಿ ಅರವತ್ತು ಸನ್ನಿವೇಶಗಳಿಗೆ ಉತ್ತರ ಕೇಳುತ್ತಾರೆ, ಹನ್ನೆರಡು ಚಿತ್ರಕ್ಕೆ ಕಥೆ. ಕೊನೆಯ ಚಿತ್ರ ಖಾಲಿ ಹಾಳೆ. ಹೊರಗೆ ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಗುಂಪಾಗಿ ಅಡ್ಡಿ ದಾಟಿಸುತ್ತಾರೆ. ಬರೆಸುವ ಪರೀಕ್ಷೆಗಳ ವೇಗಕ್ಕೆ ಒಂದು ಕಾರಣವಿದೆ: ಬಾಯಿಪಾಠ ಮಾಡಿದ್ದು ನೆನಪಿಗೆ ಬರುವಷ್ಟು ಬಿಡುವನ್ನೇ ಕೊಡುವುದಿಲ್ಲ. ಹಳ್ಳಿಯಿಂದ ಬಂದವನಿಗೆ ನನ್ನ ಅನುಭವದಲ್ಲಿ ಮೈದಾನದ ಕೆಲಸ ಸಲೀಸು. ಟ್ರ್ಯಾಕ್ಟರಿಗೆ ಮೂಟೆ ಬಿಗಿದ ಕೈಗೆ ಹಲಗೆ ಬಿಗಿಯುವುದು ಯಾವ ಲೆಕ್ಕ? ಖಾಸಗಿ ಸಂದರ್ಶನದಲ್ಲಿ ಅಧಿಕಾರಿ ಕಬ್ಬಿನ ಬೆಲೆ, ಘಟಪ್ರಭಾ ಕಾಲುವೆ, ನನ್ನ ಅಂಕಪಟ್ಟಿ, ಕಾಕಾ ಇದ್ದ ರೆಜಿಮೆಂಟ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳಿದರು. ಇಂಗ್ಲಿಷಿನಲ್ಲಿ ತಡವರಿಸಿದಾಗ ‘ಹಿಂದಿಯಲ್ಲಿ ಹೇಳು’ ಅಂದರು. ನನ್ನ ಹಿಂದಿ ಇಂಗ್ಲಿಷಿಗಿಂತ ಬಡವಾಗಿತ್ತು. ಅವರು ನಕ್ಕರು, ನಾನೂ ನಕ್ಕೆ.

ಕೊನೆಗೆ ಆಯ್ಕೆಯಾದವರು ಕೈಬೆರಳಿನಲ್ಲಿ ಎಣಿಸುವಷ್ಟು. ಪೈಲಟ್ ಆಗಬೇಕೆನ್ನುವವರಿಗೆ ಅದಾದ ಮೇಲೆ ಇನ್ನೊಂದು ಗಂಡಾಂತರ, ಸಿಪಿಎಸ್‌ಎಸ್. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಕಂಪ್ಯೂಟರ್ ಪರೀಕ್ಷೆ ಅದು. ಒಂದು ಬೂತಿನೊಳಗೆ ಕೂರಿಸಿ, ಕೈಗೆ ಸ್ಟಿಕ್, ಕಾಲಿಗೆ ಪೆಡಲ್ ಕೊಟ್ಟು, ಪರದೆಯ ಮೇಲೆ ಓಡುವ ಗುರುತನ್ನು ಹಿಡಿದಿಡು ಎನ್ನುತ್ತಾರೆ. ನಡುವೆ ಬೇರೆ ಕೆಲಸವನ್ನೂ ಹೇರುತ್ತಾರೆ. ಜೀವಮಾನದಲ್ಲಿ ಒಂದೇ ಅವಕಾಶ. ಇಲ್ಲಿ ಫೇಲಾದರೆ ವಾಯುಪಡೆಯ ಯಾವ ಪೈಲಟ್ ಹುದ್ದೆಗೂ ಮತ್ತೆ ಬರುವಂತಿಲ್ಲ, ಪದವಿ ಮುಗಿಸಿ ಬಂದರೂ ಇಲ್ಲ. ಎಸ್‌ಎಸ್‌ಬಿಗೆ ಹತ್ತು ಸಲ ಹೋದವರಿದ್ದಾರೆ. ಇದಕ್ಕೆ ಎರಡನೇ ಸಲ ಎನ್ನುವುದೇ ಇಲ್ಲ. ತಮಿಳು ಹುಡುಗ ಇಲ್ಲಿ ಉಳಿಯಲಿಲ್ಲ. ಅವನು ಮುಂದೆ ಭೂಸೇನೆ ಸೇರಿದ, ಈಗಲೂ ಮಾತಾಡುತ್ತೇವೆ.

ವೈದ್ಯಕೀಯ ಪರೀಕ್ಷೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಅತಿ ಹೆಚ್ಚು ಕಣ್ಣೀರು ನೋಡಿದ್ದು ಇಲ್ಲೇ. ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಇರಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಕುಳಿತಾಗಿನ ಎತ್ತರ 81.5ರಿಂದ 96, ಕಾಲಿನ ಉದ್ದ 99ರಿಂದ 120, ತೊಡೆಯ ಉದ್ದ 64 ಸೆಂಟಿಮೀಟರಿಗಿಂತ ಹೆಚ್ಚಿರಬಾರದು ಎನ್ನುವುದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಬೆನ್ನು, ಸೊಂಟ ಗೋಡೆಗೆ ಒತ್ತಿ ಕೂರಿಸುತ್ತಾರೆ. ಒಬ್ಬರು ಅಳೆದು ಅಂಕಿ ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ನನ್ನ ಮುಂದೆ ಹಾಸನ ಕಡೆಯ ಹುಡುಗ, ಆರಡಿ ದಾಟಿದ ಬಾಸ್ಕೆಟ್‌ಬಾಲ್ ಆಟಗಾರ. ಅವನ ಮಂಡಿಗೆ ಪಟ್ಟಿ ತಾಗಿಸಿ ಅಂಕಿ ಕೂಗಿದರು. ಒಂದು ಕ್ಷಣ ತಡೆದು ಮತ್ತೆ ಅಳೆದರು, ಮತ್ತದೇ ಅಂಕಿ. ಅರವತ್ತನಾಲ್ಕಕ್ಕಿಂತ ಒಂದಿಷ್ಟೇ ಜಾಸ್ತಿ. ಅವನು ಕಾಲನ್ನು ಹಿಂದಕ್ಕೆಳೆದುಕೊಳ್ಳಲು ನೋಡಿದ, ಗೋಡೆ ಬಿಡಲಿಲ್ಲ. ವಿಮಾನದಿಂದ ಆಸನ ಸಮೇತ ಚಿಮ್ಮಿ ಹೊರಬೀಳುವಾಗ ಉದ್ದದ ತೊಡೆಯ ಮಂಡಿ ಮುಂದಿನ ಫಲಕಕ್ಕೆ ಬಡಿಯುತ್ತದೆ, ಅದಕ್ಕೇ ಈ ಮಿತಿ ಎಂದು ವೈದ್ಯರು ಸಮಾಧಾನದಿಂದ ವಿವರಿಸಿದರು. ಎತ್ತರ ಒಳ್ಳೆಯದು ಎಂದು ಕೇಳಿಕೊಂಡೇ ಬೆಳೆದ ಹುಡುಗ ಅದಕ್ಕೆ ಏನು ಹೇಳಿಯಾನು?

ಬೆನ್ನುಮೂಳೆಯ ಎಕ್ಸ್‌ರೇ ತೆಗೆಯುವುದೂ ಹಾಗೆ ಚಿಮ್ಮುವಾಗಿನ ಹೊಡೆತವನ್ನು ಅದು ತಾಳಬೇಕು ಎಂದೇ. ಹುಟ್ಟಿನಿಂದ ಬಂದ, ಇಡೀ ಆಯಸ್ಸಿನಲ್ಲಿ ನೋವೇ ಕೊಡದ ಸಣ್ಣ ವ್ಯತ್ಯಾಸವೊಂದು ಅಲ್ಲಿ ಕಾಣಿಸಿಕೊಂಡು ದಾರಿ ಮುಚ್ಚಬಹುದು. ದೂರದ್ದು ಕಾಣಲು ಕನ್ನಡಕ ಬೇಕಿದ್ದರೆ, ಅಂದರೆ ಮೈನಸ್ ನಂಬರ್ ಇದ್ದರೆ, ಎನ್‌ಡಿಎ ಮೂಲಕ ಫ್ಲೈಯಿಂಗ್ ಬ್ರಾಂಚ್ ಇಲ್ಲ. ಬಣ್ಣಗುರುಡು ಇರಬಾರದು. ಮೂಗು ಹಿಡಿದು ಊದಿಸಿ ಕಿವಿತಮಟೆ ಅಲುಗುತ್ತದೆಯೇ ಎಂದು ನೋಡುತ್ತಾರೆ. ಗುಗ್ಗೆ ತುಂಬಿ ತಮಟೆಯೇ ಕಾಣದೆ ಒಬ್ಬ ತಾತ್ಕಾಲಿಕವಾಗಿ ಅನರ್ಹನಾದ, ಕ್ಲೀನ್ ಮಾಡಿಸಿಕೊಂಡು ಬಂದು ಪಾಸಾದ. ತಾತ್ಕಾಲಿಕ ಅನರ್ಹತೆಗೂ ಕಾಯಂ ಅನರ್ಹತೆಗೂ ಅಜಗಜಾಂತರ. ಮೇಲ್ಮನವಿಗೂ ಅವಕಾಶ ಉಂಟು. ನನ್ನ ಮನೆಗೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು: ಗೈಡು ಕೊಳ್ಳುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಾ, ಮನೆಯಲ್ಲಿ ಗೋಡೆಗೆ ಒರಗಿ ಕೂತು ಟೇಪು ಹಿಡಿದು ಅಳೆಸಿಕೋ. ಕೋಚಿಂಗ್‌ನವರು ಇದನ್ನು ಮೊದಲ ದಿನ ಹೇಳುವುದಿಲ್ಲ, ಯಾಕೆಂದು ನೀವೇ ಊಹಿಸಿಕೊಳ್ಳಿ.

ಲಿಖಿತ 900, ಎಸ್‌ಎಸ್‌ಬಿ 900, ಎರಡೂ ಕೂಡಿಸಿ ಮೆರಿಟ್ ಪಟ್ಟಿ. ಈಗ ಒಂದು ಕೋರ್ಸಿಗೆ ವಾಯುಪಡೆಗೆ 120 ಸೀಟು, ಅದರಲ್ಲಿ ಹಾರಾಟಕ್ಕೆ 92. ಪಟ್ಟಿಯಲ್ಲಿ ಹೆಸರು ಬಂತು. 2015ರ ಜನವರಿಯಲ್ಲಿ ಪುಣೆಯ ಖಡಕ್‌ವಾಸ್ಲಾಕ್ಕೆ ಕಬ್ಬಿಣದ ಟ್ರಂಕು ಹೊತ್ತು ಹೋದೆ.

ಎನ್‌ಡಿಎ ಮೂರು ವರ್ಷಗಳ ಕಥೆ ಬೇರೆಯೇ ಬರೆಯಬೇಕು. ಅಲ್ಲಿ ವಿಮಾನಕ್ಕಿಂತ ಸೈಕಲ್ ಜಾಸ್ತಿ. ತರಗತಿಗೆ, ಡ್ರಿಲ್ಲಿಗೆ, ಈಜುಕೊಳಕ್ಕೆ ಸಾಲಾಗಿ ಸೈಕಲ್ಲಿನಲ್ಲೇ ಹೋಗಬೇಕು. ತಡವಾದರೆ ಅದೇ ಸೈಕಲ್ ತಲೆಯ ಮೇಲೆ. ಹಗಲೆಲ್ಲ ಓಟ, ರಗಡಾ ಎನ್ನುವ ಶಿಕ್ಷೆಯ ಕಸರತ್ತು, ಫ್ರಂಟ್ ರೋಲ್, ತರಗತಿಗೆ ಬಂದು ಕೂತರೆ ಕಣ್ಣು ತಾನಾಗಿ ಮುಚ್ಚುತ್ತದೆ. ಸಿಂಹಗಡ ಕಣ್ಣೆದುರಿಗೇ ಇದೆ, ಹತ್ತಿಸುತ್ತಾರೆ. ನೌಕಾಪಡೆ, ಭೂಸೇನೆಯ ಕೆಡೆಟ್‌ಗಳ ಜೊತೆಗೇ ಎಲ್ಲ ನಡೆಯುತ್ತದೆ. ಕೊನೆಗೆ ಜೆಎನ್‌ಯು ಪದವಿ ಕೊಡುತ್ತಾರೆ. ನಮಗೆ ಹಾರಾಟದ ರುಚಿ ತೋರಿಸುವುದು ಸೂಪರ್ ಡಿಮೋನಾ ಎಂಬ ಪುಟ್ಟ ಮೋಟಾರ್ ಗ್ಲೈಡರಿನಲ್ಲಿ. ಖಡಕ್‌ವಾಸ್ಲಾ ಕೆರೆಯ ಮೇಲೆ ಒಂದು ಸುತ್ತು ಹೊಡೆದು ಇಳಿದ ದಿನ ಅವ್ವನಿಗೆ ಫೋನ್ ಮಾಡಿದರೆ ಅವಳು ಕೇಳಿದ್ದು, ‘ಉಂಡಿಯೇನೋ?’ ನಮ್ಮ ಕಾಲಕ್ಕೆ ಅಲ್ಲಿ ಹುಡುಗಿಯರಿರಲಿಲ್ಲ. ಸುಪ್ರೀಂ ಕೋರ್ಟ್ ಆದೇಶದ ನಂತರ 2022ರಿಂದ ಬರುತ್ತಿದ್ದಾರೆ, ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂತು. ಹಾಗಾಗಿ ಈಗ ನಮ್ಮ ಮನೆಗೆ ಬರುವವರಲ್ಲಿ ಹುಡುಗಿಯರೂ ಇದ್ದಾರೆ, ಅವರ ಪ್ರಶ್ನೆಗಳು ಹುಡುಗರದ್ದಕ್ಕಿಂತ ಚುರುಕು.

ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ 2018ರ ಆರಂಭದಲ್ಲಿ ಬಂದೆವು. ಅಲ್ಲಿ ಮೊದಲ ವಿಮಾನ ಸ್ವಿಟ್ಜರ್ಲೆಂಡಿನ ಪಿಲಾಟಸ್ ಪಿಸಿ-7 ಮಾರ್ಕ್ 2. ಮುಂದೆ ವಿದ್ಯಾರ್ಥಿ, ಹಿಂದೆ ಇನ್‌ಸ್ಟ್ರಕ್ಟರ್. ಮೊದಮೊದಲ ಹಾರಾಟಗಳಲ್ಲಿ ನನ್ನ ಕೆಲಸವೆಂದರೆ ಚೀಲದೊಳಗೆ ವಾಂತಿ ಮಾಡುವುದು. ನನ್ನೊಬ್ಬನದೇ ಅಲ್ಲ, ಬಹಳ ಜನರದ್ದು, ಹೇಳಿಕೊಳ್ಳುವವರು ಕಡಿಮೆ. ದೇಹ ಹೊಂದಿಕೊಳ್ಳುತ್ತದೆ, ಹೊಂದಿಕೊಳ್ಳದಿದ್ದರೆ ಗಿರಗಿರ ತಿರುಗುವ ಕುರ್ಚಿಯಲ್ಲಿ ಕೂರಿಸಿ ಅಭ್ಯಾಸ ಮಾಡಿಸುತ್ತಾರೆ. ಅದಕ್ಕೂ ಜಗ್ಗದವರಿಗೆ ಹಾರಾಟ ಅಲ್ಲಿಗೇ ಮುಗಿಯುತ್ತದೆ.

ರಾತ್ರಿ ಕೋಣೆಯಲ್ಲಿ ಎಲ್ಲರದೂ ಒಂದೇ ನಾಟಕ. ಗೋಡೆಯ ಮೇಲೆ ಕಾಕ್‌ಪಿಟ್ಟಿನ ದೊಡ್ಡ ಚಿತ್ರ, ಎದುರಿಗೆ ಕುರ್ಚಿ, ಕಣ್ಣು ಮುಚ್ಚಿ ಕೈ ಚಾಚಿ ‘ಫ್ಯೂಯಲ್, ಫ್ಲ್ಯಾಪ್ಸ್, ಗೇರ್...’ ಎಂದು ಚೆಕ್ಸ್, ಅಂದರೆ ಹಾರಿಸುವಾಗ ಒಂದೊಂದಾಗಿ ನೋಡಬೇಕಾದವುಗಳ ಪಟ್ಟಿ ಒಪ್ಪಿಸುವುದು. ಹೊರಗಿನವರು ನೋಡಿದರೆ ಮೈಮೇಲೆ ಏನೋ ಬಂದಿದೆ ಅಂದುಕೊಳ್ಳಬೇಕು. ಕಾಕ್‌ಪಿಟ್ಟಿನಲ್ಲಿ ಕಣ್ಣು ಕಟ್ಟಿ ಸ್ವಿಚ್ಚು ತೋರಿಸು ಎನ್ನುವ ಪರೀಕ್ಷೆಯೂ ಇದೆ, ಅದಕ್ಕೇ ಈ ತಾಲೀಮು.

ನನ್ನ ತೊಂದರೆ ಇದ್ದದ್ದು ಇಳಿಸುವುದರಲ್ಲಿ. ಏರುವಾಗ ಬರೀ ಬಲಗಾಲಿನ ಕೆಲಸ: ಥ್ರಾಟಲ್ ಕೊಟ್ಟ ಕೂಡಲೇ ಪ್ರೊಪೆಲ್ಲರ್ ಮೂಗನ್ನು ಎಡಕ್ಕೆಳೆಯುತ್ತದೆ, ಬಲ ರಡ್ಡರ್ ಪೆಡಲ್ ಒತ್ತಬೇಕು. ಅದು ಬೇಗ ಬಂತು. ಇಳಿಯುವಾಗ ಮಾತ್ರ ನೆಲ ಹತ್ತಿರ ಬಂದ ಹಾಗೆ ಸ್ಟಿಕ್ಕನ್ನು ಮೊದಲೇ ಎಳೆದುಬಿಡುತ್ತಿದ್ದೆ. ವಿಮಾನ ರನ್‌ವೇ ಮೇಲೆ ಉಬ್ಬಿ ತೇಲಿ, ಆಮೇಲೆ ಧೊಪ್ಪನೆ ಕೂರುತ್ತಿತ್ತು. ಹಿಂದಿನಿಂದ ಇನ್‌ಸ್ಟ್ರಕ್ಟರ್ ಬೈಗುಳ ಸಣ್ಣದಿರುತ್ತಿರಲಿಲ್ಲ. ಒಂದು ದಿನ ಬೈಯದೆ ಹೇಳಿದರು: ‘ಮೂಗಿನ ಕೆಳಗಿನ ಡಾಂಬರು ಯಾಕೆ ನೋಡ್ತೀಯಾ? ರನ್‌ವೇಯ ಆ ತುದಿ ನೋಡು.’ ಅಷ್ಟೇ. ದೂರದ ತುದಿಯ ಮೇಲೆ ಕಣ್ಣಿಟ್ಟಾಗ ನೆಲ ಎಷ್ಟು ಹತ್ತಿರವಿದೆ ಎನ್ನುವುದು ಓರೆಗಣ್ಣಿಗೆ ತಾನಾಗಿ ತಿಳಿಯುತ್ತದೆ. ನಾಲ್ಕು ಪುಸ್ತಕದಲ್ಲಿ ಓದಿದ್ದೆ, ಕಾಲಿಗೆ, ಕೈಗೆ ಅರ್ಥವಾದದ್ದು ಆವತ್ತು. ಸ್ವಲ್ಪ ದಿನಕ್ಕೆ ಸೋಲೊ ಚೆಕ್, ಅಂದರೆ ಒಬ್ಬನೇ ಹಾರಿಸಬಲ್ಲನೇ ಎಂಬ ಪರೀಕ್ಷೆ ಆಯಿತು. ಚೆಕ್ ಮಾಡಿದವರು ಇಳಿದು ಹಿಂದಿನ ಆಸನದ ಬೆಲ್ಟು ಬಿಗಿದು, ಏನೂ ಹೇಳದೆ ನಡೆದುಹೋದರು. ಒಬ್ಬನೇ ಏರಿದಾಗ ಮೊದಲು ಗೊತ್ತಾಗುವುದು ವಿಮಾನ ಹಗುರಾಗಿ ಬೇಗ ಏರುತ್ತದೆ ಎಂಬುದು. ಎರಡನೆಯದು, ಕಿವಿಯಲ್ಲಿ ಯಾರೂ ಬೈಯುತ್ತಿಲ್ಲ ಎಂಬುದು. ರನ್‌ವೇ ಬಳಸಿ ಒಂದು ಸುತ್ತು, ಒಂದು ಲ್ಯಾಂಡಿಂಗ್. ಚೆನ್ನಾಗೇ ಇಳಿಸಿದೆ ಅಂತ ನನ್ನ ಅಭಿಪ್ರಾಯ.

ಆ ಕಾಲದಲ್ಲೇ ನನ್ನ ಕೋಣೆಯ ಗೆಳೆಯನ ಹಾರಾಟ ನಿಂತಿತು. ಸೋಲೊಗೆ ಮೊದಲೇ ಮೂರು ಕಡೆಯಿಂದ ನೋಡಿದರು, ಬೇರೆ ಇನ್‌ಸ್ಟ್ರಕ್ಟರ್ ಕೊಟ್ಟರು, ಆಗಲಿಲ್ಲ. ಅವನು ತರಗತಿಯ ಪರೀಕ್ಷೆಗಳಲ್ಲಿ ನಮಗೆಲ್ಲ ಮೇಲು. ಈಗ ಅವನು ವಾಯುಪಡೆಯಲ್ಲೇ ಗ್ರೌಂಡ್ ಡ್ಯೂಟಿ ಅಧಿಕಾರಿ, ಒಳ್ಳೆಯ ಅಧಿಕಾರಿ. ಎನ್‌ಡಿಎ ಮೂರು ವರ್ಷ ದಾಟಿದ ಮೇಲೂ ಇದು ಆಗಬಹುದು ಎನ್ನುವುದನ್ನು ಹದಿನೇಳರ ಹುಡುಗನಿಗೆ ಯಾರಾದರೂ ಹೇಳಬೇಕು.

ಮೊದಲ ಹಂತ ಮುಗಿದಾಗ ಸ್ಟ್ರೀಮ್ ಹಂಚಿಕೆ, ಯಾರು ಯಾವ ಬಗೆಯ ವಿಮಾನಕ್ಕೆ ಎನ್ನುವ ತೀರ್ಮಾನ. ಹಾರಾಟದ ಅಂಕ, ಇನ್‌ಸ್ಟ್ರಕ್ಟರ್ ಬರೆದ ವರದಿ, ನಮ್ಮ ಇಷ್ಟ, ವಾಯುಪಡೆಗೆ ಆ ಹೊತ್ತಿಗೆ ಎಷ್ಟು ಜನ ಎಲ್ಲಿ ಬೇಕು ಎನ್ನುವ ಲೆಕ್ಕ, ಎಲ್ಲ ಸೇರುತ್ತದೆ. ಚೆನ್ನಾಗಿ ಹಾರಿಸುವವನು ಫೈಟರಿಗೆ, ಉಳಿದವರು ಬೇರೆಡೆಗೆ ಎಂದು ಹೊರಗಿನವರು ತಿಳಿದಿದ್ದಾರೆ, ಅದು ಸುಳ್ಳು. ನಮ್ಮ ಕೋರ್ಸಿನಲ್ಲಿ ಕೈ ಅತ್ಯಂತ ನಯವಾಗಿದ್ದವನು ತಾನಾಗಿ ಹೆಲಿಕಾಪ್ಟರ್ ಕೇಳಿ ಹೋದ. ಫೈಟರಿಗೆ ಅವರು ಹುಡುಕುವುದು ವಿಮಾನಕ್ಕಿಂತ ಮುಂದೆ ಯೋಚಿಸುವ ಅಭ್ಯಾಸ. ಮುಂದಿನ ಅರ್ಧ ನಿಮಿಷದಲ್ಲಿ ಏನಾಗಬೇಕೆಂದು ಈಗಲೇ ಗೊತ್ತಿರುವವನನ್ನು. ನನ್ನ ಹೆಸರಿನ ಮುಂದೆ ಫೈಟರ್ ಎಂದಿತ್ತು. ಕಾಕಾನಿಗೆ ಫೋನ್ ಮಾಡಿದೆ. ‘ಭೇಷ್’ ಅಂದು ಫೋನ್ ಅಪ್ಪನ ಕೈಗೆ ಕೊಟ್ಟರು. ಅಪ್ಪ ಮಾತಾಡಲಿಲ್ಲ.

ಎರಡನೇ ಹಂತ ಹೈದರಾಬಾದ್ ಬಳಿಯ ಹಕೀಂಪೇಟೆಯಲ್ಲಿ, ಕಿರಣ್ ಜೆಟ್ ಮೇಲೆ. 1964ರಲ್ಲಿ ಮೊದಲು ಹಾರಿದ, ಬೆಂಗಳೂರಿನ ಎಚ್‌ಎಎಲ್‌ನ ವಿಮಾನ. ಅಕ್ಕಪಕ್ಕ ಕೂರುತ್ತೇವೆ, ಬೈಗುಳ ಪಕ್ಕದಿಂದಲೇ ಬರುತ್ತದೆ. ಜೆಟ್ಟಿನಲ್ಲಿ ಮೂಗು ಎಡಕ್ಕೆಳೆಯುವುದಿಲ್ಲ. ಆದರೆ ಥ್ರಾಟಲ್ ತಳ್ಳಿದ ಮೇಲೆ ಎಂಜಿನ್ ಎಚ್ಚರವಾಗಲು ಹೊತ್ತು ತೆಗೆದುಕೊಳ್ಳುತ್ತದೆ, ಇಂಧನ ಕಣ್ಣೆದುರಿಗೇ ಕರಗುತ್ತದೆ. ಆ ವಿಮಾನಗಳಿಗೆ ವಯಸ್ಸಾಗಿದೆ. ಈಗ ಆರಂಭಿಕ ತರಬೇತಿಗೆಂದು ಎಚ್‌ಎಎಲ್‌ನಿಂದಲೇ 70 ಎಚ್‌ಟಿಟಿ-40 ವಿಮಾನಗಳಿಗೆ ಆರ್ಡರ್ ಆಗಿದೆ, ಹಾಗಾಗಿ ಮುಂದಿನವರ ದಾರಿಯಲ್ಲಿ ವಿಮಾನಗಳ ಹೆಸರು ಬದಲಾಗುತ್ತವೆ. 2018ರ ಡಿಸೆಂಬರಿನಲ್ಲಿ ದುಂಡಿಗಲ್ ಪರೇಡಿನಲ್ಲಿ ಫ್ಲೈಯಿಂಗ್ ಆಫೀಸರ್ ಆದೆ. ಅಪ್ಪ ಅವ್ವ ಬಂದಿದ್ದರು. ಅಧಿಕಾರಿ ಆದೆನೇ ಹೊರತು ಫೈಟರ್ ಪೈಲಟ್ ಇನ್ನೂ ಆಗಿರಲಿಲ್ಲ.

ಅದಕ್ಕೆ ಬೀದರ್ ದಾಟಬೇಕು. ಫೈಟರಿಗೆ ತಯಾರು ಮಾಡುವ ಹಾಕ್ ಮಾರ್ಕ್ 132 ತರಬೇತಿ ಜೆಟ್‌ಗಳು 2008ರಿಂದ ಅಲ್ಲಿನ ವಾಯುನೆಲೆಯಲ್ಲಿವೆ. ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲಿ ಅಧಿಕಾರಿಗಳಾದ ಮೇಲೆ ಪಳಗಿದ್ದೂ ಅಲ್ಲೇ. ದೇಶದ ಎಲ್ಲ ಮೂಲೆಯವರೂ ಬರುವ ಆ ಜಾಗದಲ್ಲಿ ಊಟದ ಅಂಗಡಿಯವನ ಜೊತೆ ಕನ್ನಡ ಮಾತಾಡುವ ಭಾಗ್ಯ ನನ್ನೊಬ್ಬನದು. ಅವನ ಕನ್ನಡಕ್ಕೂ ನನ್ನದಕ್ಕೂ ಅರ್ಧ ದಾರಿಯ ದೂರ, ಆ ಮಾತು ಬೇರೆ.

ಹಾಕ್‌ನಲ್ಲಿ ಹೊಸದು ಜಿ, ಅಂದರೆ ತಿರುವಿನಲ್ಲಿ ಮೈತೂಕ ಎಷ್ಟು ಪಟ್ಟಾಗುತ್ತದೆ ಎನ್ನುವ ಲೆಕ್ಕ. ಆರು ಜಿ ತಿರುವಿನಲ್ಲಿ ಅರವತ್ತು ಕೆಜಿಯ ಮನುಷ್ಯ 360 ಕೆಜಿ. ಹೆಲ್ಮೆಟ್ ಕಟ್ಟಿದ ತಲೆಯನ್ನು ಹಿಂದಕ್ಕೆ ತಿರುಗಿಸಿ ಎದುರಾಳಿಯನ್ನು ಹುಡುಕಬೇಕು ಬೇರೆ. ರಕ್ತ ಕಾಲಿಗಿಳಿಯುತ್ತದೆ, ಮೊದಲು ಬಣ್ಣ ಹೋಗುತ್ತದೆ, ಆಮೇಲೆ ನೋಟದ ಅಂಚುಗಳು ಕಪ್ಪಾಗುತ್ತ ಬರುತ್ತವೆ. ಜಿ-ಸೂಟು ಗಾಳಿ ತುಂಬಿಕೊಂಡು ತೊಡೆ, ಹೊಟ್ಟೆ ಹಿಂಡುತ್ತದೆ. ನಾವೂ ಸ್ನಾಯು ಬಿಗಿಹಿಡಿದು, ಮೂರು ಸೆಕೆಂಡಿಗೊಮ್ಮೆ ಗಕ್ಕನೆ ಉಸಿರು ಬದಲಿಸುತ್ತ ಇರಬೇಕು. ಒಂದು ಗಂಟೆಯೊಳಗಿನ ಹಾರಾಟ ಮುಗಿಸಿ ಇಳಿದರೆ ಕಬ್ಬು ಕಡಿದ ದಿನದ ಸುಸ್ತು. ಆಮೇಲೆ ಡಿಬ್ರೀಫಿಂಗ್, ಅದು ಹಾರಾಟಕ್ಕಿಂತ ಉದ್ದ. ವಿಡಿಯೊ ಹಾಕಿ ಪ್ರತಿ ತಿರುವನ್ನೂ ಬಿಡಿಸುತ್ತಾರೆ. ಅಲ್ಲಿ ನೆಪ ಹೇಳಿದರೆ ನಡೆಯುವುದಿಲ್ಲ.

ನಾನು ಬೀದರಿಗೆ ಬಂದ ಹೊಸತು, 2019ರ ಫೆಬ್ರುವರಿ 19. ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ತಾಲೀಮಿನಲ್ಲಿ ಯಲಹಂಕದ ಮೇಲೆ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣ್‌ನ ಎರಡು ಹಾಕ್‌ಗಳು ಡಿಕ್ಕಿಯಾದವು, ಒಬ್ಬರು ಪೈಲಟ್ ತೀರಿಕೊಂಡರು. ಆ ತಂಡದ ನೆಲೆ ಬೀದರ್. ಮಧ್ಯಾಹ್ನ ಅಪ್ಪನ ಫೋನ್: ‘ಟೀವ್ಯಾಗ ತೋರಿಸಾಕತ್ತಾರ. ನಿಂದೂ ಅದ ಇಮಾನ ಏನೋ?’ ಹೌದು ಅಂದೆ. ‘ಇನ್ನೂ ಎಷ್ಟ ತಿಂಗ್ಳ ಐತಿ?’ ಹೇಳಿದೆ. ‘ಹುಷಾರ ಇರು’ ಅಂದು ಇಟ್ಟರು. ಬಿಟ್ಟು ಬಾ ಅಂತ ಅವರು ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಈ ಕೆಲಸಕ್ಕೆ ಮಕ್ಕಳನ್ನು ಕಳಿಸುವ ಮನೆಯವರು ಒಮ್ಮೆ ಕೂತು ಮಾತಾಡಿಕೊಳ್ಳಬೇಕಾದ ವಿಷಯ ಇದು.

ಸುಮಾರು ಒಂದು ವರ್ಷದ ತರಬೇತಿ ಮುಗಿದು ಪೋಸ್ಟಿಂಗ್ ಆದೇಶ ಬಂತು. ಯಾವ ವಿಮಾನ, ಯಾವ ನೆಲೆ ಎನ್ನುವುದನ್ನೆಲ್ಲ ಬರೆಯುವಂತಿಲ್ಲ. ಸ್ಕ್ವಾಡ್ರನ್ನಿಗೆ ಹೋದ ಮೊದಲ ದಿನವೂ ಅಲ್ಲಿನವರಿಗೆ ನಾನು ಇನ್ನೂ ಕಲಿಯುವವನೇ. ಹೊಸ ವಿಮಾನ, ಹೊಸ ಚೆಕ್ಸ್, ಮತ್ತೆ ರಾತ್ರಿ ಕುರ್ಚಿ ಮೇಲೆ ಕಣ್ಣು ಮುಚ್ಚಿ ಕೂರುವುದು. ಇನ್ನು, ಹತ್ತೊಂಬತ್ತೂವರೆ ದಾಟಿದೆ ಎಂದು ಬೇಜಾರಾದವರಿಗೆ: ಪದವಿ ಮುಗಿಸಿ ಎಎಫ್‌ಕ್ಯಾಟ್ ಅಥವಾ ಸಿಡಿಎಸ್ ಎಂಬ ಪ್ರವೇಶ ಪರೀಕ್ಷೆ ಬರೆಯಬಹುದು, ಎನ್‌ಸಿಸಿ ಏರ್ ವಿಂಗ್ ‘ಸಿ’ ಪ್ರಮಾಣಪತ್ರ ಇದ್ದವರಿಗೆ ಬೇರೊಂದು ಪ್ರವೇಶವೂ ಇದೆ. ಅಲ್ಲೂ ಇದೇ ಮೈಸೂರು, ಇದೇ ಅಳತೆ, ಇದೇ ದುಂಡಿಗಲ್.